ದೂರದ ಚುಕ್ಕಿಗಳು

ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಹಾಸನದ ತನ್ನ ಮನೆಯಲ್ಲಿ ಸ್ನೇಹಲತಾ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಳು. ಸಾವಿರ ಚುಕ್ಕಿಗಳು ಕೆರೆಯ ಮೇಲಿನ ಅಂತರಗಂಗೆಯಂತೆ ತೇಲುತ್ತಿದ್ದವು. ಗೆರೆಯಿಂದ ಕೂಡಿದ ಚುಕ್ಕಿಗಳು ಪರಸ್ಪರ ಎಳೆಯಬೇಕು, ಉಳಿದವೆಲ್ಲ ತಳ್ಳಬೇಕು, ಚಿತ್ರ ತಾನಾಗಿ ಅರಳಬೇಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವಳು ಕಟ್ಟುತ್ತಿದ್ದ ಪ್ರೋಗ್ರಾಮುಗಳ ಲೈಬ್ರರಿಯ ಕೆಲಸ ಅಷ್ಟೇ. ಆದರೆ ಪ್ರತಿ ಚುಕ್ಕಿಯೂ ಉಳಿದೆಲ್ಲವನ್ನೂ ಒಂದೊಂದಾಗಿ ವಿಚಾರಿಸಿಕೊಂಡು ಬರುವಷ್ಟರಲ್ಲಿ ಕಂಪ್ಯೂಟರು ತೂಕಡಿಸುತ್ತಿತ್ತು. ಇದೇ ಗುಂಗಿನಲ್ಲಿ ಅಣ್ಣನ ಮಗಳ ನಾಮಕರಣಕ್ಕೂ ಅವಳು ಹೋಗಿರಲಿಲ್ಲ.

"ಯಾರ್ಯಾರು ಬಂದಿದ್ರವ್ವ?" ಎಂದಳು, ಅರೆಮನಸ್ಸಿನಲ್ಲಿ.

ಮಲ್ಲಿಪಟ್ಟಣದಿಂದ ತಾಯಿ ಕಾಮಾಕ್ಷಮ್ಮ ರಾಗವಾಗಿ ಶುರು ಮಾಡಿದರು. "ಪಕ್ಕದ್ಮನೆ ನಿಂಗಮ್ಮ, ಅವ್ಳ ಸೊಸೆ, ಮೇಗಲ್ಮನೆ ಪುಟ್ಟರಾಜು, ಅವ್ನೆಂಡ್ತಿ... ಆಮೇಲೆ ಅರಕಲಗೂಡ್ನೋರು, ಒಳೆನರಸೀಪುರದೋರು. ಎಲ್ರೂ ಬಂದಿದ್ರು ಕಣವ್ವ."

ಸ್ನೇಹಲತಾಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಹತ್ತಿರದವರಿಗೆ ಒಬ್ಬೊಬ್ಬರಿಗೂ ಹೆಸರು. ದೂರದವರು ಎಷ್ಟೇ ಜನ ಇರಲಿ, ಎಲ್ಲ ಸೇರಿ ಒಂದೇ ಹೆಸರು. ದೂರದ ಚುಕ್ಕಿಗಳ ಗುಂಪನ್ನೂ ಹೀಗೇ ಒಂದೇ ಚುಕ್ಕಿ ಎಂದುಕೊಂಡರೆ ಸಾಕಲ್ಲ! ಅವ್ವ ಹೋಳಿಗೆಯ ಮಾತಾಡುತ್ತಲೇ ಇದ್ದರು, ಇವಳು ಪ್ರೋಗ್ರಾಮು ತಿದ್ದುತ್ತಲೇ ಇದ್ದಳು. ಚುಕ್ಕಿಗಳು ಒಮ್ಮೆ ನಡುಗಿ, ಹಗುರಾಗಿ, ಕಣ್ಣೆದುರೇ ಹೂವಿನಂತೆ ಬಿಚ್ಚಿಕೊಂಡವು.

"ಅವ್ವಾ, ಸಿಕ್ತು!" ಎಂದು ಕೂಗಿದಳು.

ಆ ಕಡೆಯಿಂದ ಅತ್ತಿಗೆಯ ದನಿ ಕೇಳಿಸಿತು. "ಫೋನಲ್ಲಿ ಯಾರತ್ತೆ?"

ಕಾಮಾಕ್ಷಮ್ಮ ರಿಸೀವರನ್ನು ತುಸು ಪಕ್ಕಕ್ಕೆ ಸರಿಸಿ ಹೇಳಿದರು.

"ಯಾರೂ ಇಲ್ಲ ಕಣಮ್ಮಿ. ಆಸನದೋರು."