ಕೂಸಿನ ಅರಿವೆಯ ಖಾನೆ

ಸಾಗುವಾನಿ ಹೊಟ್ಟಿನ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ. ಚೊಚ್ಚಲ ಹೆರಿಗೆಗೆ ಇಳಕಲ್ಲಿನಿಂದ ತವರಿಗೆ ಬರಬೇಕಿದ್ದ ಅಕ್ಕನಿಗಾಗಿ, ಬಡಿಗನಾದ ಅಪ್ಪ ಬಾಗಲಕೋಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕಪಾಟು ಮಾಡುತ್ತಿದ್ದ. ಕೂಸಿನ ಅರಿವೆ ಇಡುವ ಕೆಳಗಿನ ಖಾನೆಯೊಂದು ಮಾತ್ರ ಎಳೆದಾಗ, ತಳ್ಳಿದಾಗ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಇಳಕಲ್ಲಿನಿಂದ ಕಾಕಾ ಬಂದು, “ಅಣ್ಣಾ, ದವಾಖಾನ್ಯಾಗ ಮಗಳೂ ಕೂಸೂ ಇಬ್ರೂ ಉಳೀಲಿಲ್ಲ” ಎಂದ. ಅವ್ವ ಹೊಸ್ತಿಲಲ್ಲೇ ಕುಸಿದಳು. ಅಪ್ಪ ಉಜ್ಜುಗೊರಡು ಬಿಡಲಿಲ್ಲ.

“ಏಳಣ್ಣಾ, ಗಾಡಿ ನಿಂತೈತಿ.”

“ತಡಿಯೋ” ಎಂದ ಅಪ್ಪ, ಖಾನೆಯ ಅಂಚನ್ನು ತೆಳ್ಳಗೆ ಉಜ್ಜಿ, ನನ್ನಿಂದ ಮೇಣದಬತ್ತಿ ಇಸಿದುಕೊಂಡು ತಿಕ್ಕಿ, ಒಳಗೆ ತಳ್ಳಿದ. ಅದು ಸದ್ದಿಲ್ಲದೆ ಸರಿಯಿತು.

“ನೋಡವಾ,” ಎಂದ ನನ್ನ ಕಡೆ ತಿರುಗಿ, “ಕೂಸು ಬಗಲಾಗ ಇದ್ರೂ ನಿಮ್ಮಕ್ಕ ಇನ್ನ ಒಂದ ಕೈಲೆ ತಗೀತಾಳ.”