ಬಾನೆಟ್ಟಿನ ಕೆಳಗೆ ರಂಗೋಲಿ

ಅಕ್ಷತ ರಂಗೋಲಿ ಡಬ್ಬಿ ಹಿಡಿದು ತೆರೆದ ಬಾನೆಟ್ಟಿನ ಮುಂದೆ ನಿಂತಾಗ, ಡ್ರೈವರ್ ಸೀಟಿನಲ್ಲಿ ಕೂತಿದ್ದ ಮಾವ ಮುನಿವೆಂಕಟಪ್ಪ ನಕ್ಕುಬಿಟ್ಟರು. "ಬಾಗ್ಲಿಗೆ ಹಾಕೋದ್ನ ಕಾರಿಗೆ ಹಾಕ್ತೀಯೇನಮ್ಮಾ? ನೆಲಕ್ಕೆ ಒಂದು ಹನಿ ಬೀಳಲ್ಲ, ಇಂಜಿನ್ ತಂಪು ಮಾಡೋ ಕೂಲೆಂಟ್ ಮಾತ್ರ ದಿನಾ ಇಳೀತದೆ. ಅಂದ್ರೆ ಇಂಜಿನ್ ಹೋಯ್ತು ಅಂತ ತಾನೇ? ಹೆಣ್ಮಗಳು ನೀನು ಏರ್‌ಪೋರ್ಟ್ ಬಾಡಿಗೆ ಹೊಡ್ದಿದ್ದು ಸಾಕು. ಗಿರಾಕಿ ಬರ್ತಾವ್ನೆ, ಕಾರು ಮಾರ್ಬುಡಣ."

ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ಬೆಲ್ಟಿಗೆ ತಾಗದ ಹಾಗೆ, ಪೈಪುಗಳ ಮೇಲೂ ಅವು ಕೂಡುವ ಸಂದಿಗಳ ಮೇಲೂ ಪುಡಿಯನ್ನು ತೆಳ್ಳಗೆ ಉದುರಿಸಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಅಂಗಳದಲ್ಲಿ ಎಳೆ ಎಳೆದು ಪಳಗಿದ ಬೆರಳುಗಳು. "ಈಗ ಸ್ಟಾರ್ಟ್ ಮಾಡಿ ಮಾವ. ಚೆನ್ನಾಗಿ ಬಿಸಿ ಆಗೋವರ್ಗೂ ಆಫ್ ಮಾಡ್ಬೇಡಿ."

ಇಂಜಿನ್ ಕಾದಿತು. ರೇಡಿಯೇಟರ್ ಪೈಪಿನ ಕ್ಲಿಪ್ಪಿನ ಬುಡದಲ್ಲಿ, ಬಿಳಿ ಪುಡಿಯ ಮೇಲೆ ಕೂಲೆಂಟಿನ ಹಸಿರು ಗೆರೆಯೊಂದು ಮೂಡಿತು. ಅದು ಹಾಗೇ ಇಳಿದು ಕಾದ ಕಬ್ಬಿಣಕ್ಕೆ ತಾಗಿ, ನೆಲ ಮುಟ್ಟುವ ಮೊದಲೇ ಆವಿಯಾಯಿತು.

"ಸಡಿಲ ಆಗಿರೋದು ಕ್ಲಿಪ್ಪು, ಇಂಜಿನ್ ಅಲ್ಲ." ಅಕ್ಷತ ಕೈ ಒರೆಸಿಕೊಳ್ಳುತ್ತಾ ಬಂದು ಕಾರಿನ ಬಾಗಿಲು ತೆರೆದಳು. "ಗಿರಾಕಿಗೆ ಬರ್ಬೇಡ ಅನ್ನಿ. ಈಗ ಇಳೀರಿ ಮಾವ, ಅದು ನನ್ನ ಸೀಟು."