ಅಣವೀರನ ಮೂರನೇ ಜ್ವರ

ಬಾಟಲಿಯ ಮುಚ್ಚಳ ತೆಗೆದು ಅಂಬಿಕಾ ಮೂಸಿದಳು. ನೀರು. ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಬರೀ ನೀರೇ. ಆದರೂ ನಂಬಿಕೆ ಬರಲಿಲ್ಲ. ಗಂಡ ಬಚ್ಚಲಿನಿಂದ ಬರುವಷ್ಟರಲ್ಲಿ ಅವನ ಚೀಲ, ಅಂಗಿಯ ಜೇಬು, ಹಾಸಿಗೆಯ ಅಡಿ ಎಲ್ಲ ಜಾಲಾಡಿ, ಏನೂ ಅರಿಯದವಳಂತೆ ಒಲೆಯ ಮುಂದೆ ಕುಳಿತಳು.

ಅಣವೀರ ಶಹಾಬಾದಿನಲ್ಲಿ ನೆಲಹಾಸಿನ ಫರಸಿ ಕಲ್ಲು ಕೊಯ್ಯುತ್ತಿದ್ದವನು. ಕುಡಿದು ಕುಡಿದು ಲಿವರ್ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ ತನ್ನೂರು ದಂಡೋತಿಯ ಮನೆ ಸೇರಿದ್ದ. ಇನ್ನು ಮುಟ್ಟುವುದಿಲ್ಲ ಎಂದು ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಎರಡು ವರ್ಷ. ಕುಡುಕರ ಆಣೆಗೆ ಆಯುಷ್ಯ ಎಷ್ಟೆಂದು ಅಂಬಿಕಾಗೆ ಚೆನ್ನಾಗಿ ಗೊತ್ತು. ಅದೇ ತಲೆಯ ಮೇಲೆ ಅವನು ಅದಕ್ಕೂ ಮುಂಚೆ ಆರು ಸಲ ಕೈಯಿಟ್ಟಿದ್ದ.

ಹೋದ ವರ್ಷ ಹೊಟ್ಟೆಯ ನೀರಿಗೆ ಸೋಂಕು ತಗುಲಿ ಮೊದಲ ಸಲ ಜ್ವರ ಬಂದಾಗ ಐದು ದಿನದ ಇಂಜೆಕ್ಷನ್ನಿಗೆ ಇಳಿದಿತ್ತು. ಎರಡನೇ ಸಲ ಹದಿನೈದು ದಿನ ಹಿಡಿಯಿತು. ಈಗ ಮೂರನೆಯದು. ಚಿತ್ತಾಪುರಕ್ಕೆ ಹೋಗಿ ದಿನವೂ ಇಂಜೆಕ್ಷನ್ ಹಾಕಿಸಿಕೊಂಡು ಬಂದರೂ ಮೈ ಕಾದೇ ಇತ್ತು. ಔಷಧ ಹತ್ತುತ್ತಿಲ್ಲವೆಂದರೆ ಹೊಟ್ಟೆಗೆ ಬೇರೇನೋ ಹೋಗುತ್ತಿದೆ. ಅಂಬಿಕಾಳ ಲೆಕ್ಕ ಇಷ್ಟೇ. ಇನ್ನೊಂದು ಸಲ ಕುಡಿದರೆ ಆಳು ಉಳಿಯುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಅಂದಿದ್ದು ಅವಳ ತಲೆಯಲ್ಲಿ ಹಗಲೆಲ್ಲ ಗುಂಯ್‌ಗುಡುತ್ತಿತ್ತು.

ಗಂಡನ ಗೆಳೆಯ, ಆಟೋದ ಮೌಲಾಲಿಯನ್ನು ಬಾಗಿಲಲ್ಲೇ ತಡೆದಳು.

"ಖರೇ ಹೇಳು. ದವಾಖಾನಿ ಅಂತ್ಹೇಳಿ ಎಲ್ಲೆಲ್ಲಿ ಒಯ್ಲಿಕತ್ತಿದಿ?"

"ನನ್ನ ಮಕ್ಕಳ ಕಸಮ್ ವೈನಿ, ನಡುವ ಎಲ್ಲೂ ನಿಲ್ಲಿಸಿಲ್ಲ. ಚಾ ಕುಡಿ ಅಂದ್ರ ಸುದ್ದಾ ಒಲ್ಲೆ ಅಂತಾನ. ಬಾಯಾಗ ಕಬ್ಬಿಣ ಇಟ್ಟಂಗ ಆಗ್ಯಾದಂತ."

"ಕಬ್ಬಿಣ ಅಲ್ಲ, ಶೆರೆ ಇಟ್ಟಿರ್ತೀರಿ!"

ಮೌಲಾಲಿ ಬೇಸರದಿಂದ ಆಟೋ ಚಾಲೂ ಮಾಡಿದ. ಗಂಡ, ಗೆಳೆಯ ಇಬ್ಬರೂ ಒಂದೇ ಎಂದುಕೊಂಡು ಅಂಬಿಕಾ ಒಳಗೆ ಬಂದಳು.

ಮಧ್ಯಾಹ್ನ ಮಗಳು ಭುವನೇಶ್ವರಿ ಅಪ್ಪನಿಗೆ ಬಡಿಸಲು ಹೋದಳು. ಅಂಬಿಕಾ ಸೌಟು ಕಿತ್ತುಕೊಂಡಳು. ಗಂಡನ ಊಟಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ.

"ದಿನಾ ಪುಂಡಿಪಲ್ಯ ಯಾಕವ್ವ? ಅಪ್ಪಗ ಬ್ಯಾಸರ ಆಗಲ್ಲೇನು?"

"ಉಪ್ಪು ಇಲ್ದ ಊಟ. ಹುಳಿನಾದ್ರೂ ಇರ್ಲಿ ಬಿಡು."

ಅಣವೀರ ತಾಟು ಹತ್ತಿರಕ್ಕೆ ಎಳೆದುಕೊಂಡ. ಹಸಿವಿರಲಿಲ್ಲ, ಜ್ವರ ಬೇರೆ. ಆದರೂ ರೊಟ್ಟಿಯ ಚೂರಿನಿಂದ ತಾಟನ್ನು ಒರೆಸಿ ಒರೆಸಿ ಉಂಡ. ಮೊದಲೆಲ್ಲ ಅವನು ಉಂಡ ತಾಟಿನಲ್ಲೇ ಅಂಬಿಕಾ ಉಣ್ಣುತ್ತಿದ್ದಳು. ವರ್ಷದಿಂದ ಅದನ್ನು ಬಿಟ್ಟಿದ್ದಳು. ಯಾಕೆಂದು ಅವನು ಒಂದೇ ಸಲ ಕೇಳಿದ್ದ. 'ರೋಗ ಹತ್ತತೈತೇನೋ' ಎಂದಿದ್ದಳು. ಮತ್ತೆ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಅವನ ಮಾತು ತೊದಲತೊಡಗಿದಾಗ ಮೌಲಾಲಿಯೇ ಕಲಬುರಗಿಯ ದೊಡ್ಡ ದವಾಖಾನೆಗೆ ಸೇರಿಸಿದ. ಡಾಕ್ಟರ್ ಸುರೇಶಕುಮಾರ ಹೊಟ್ಟೆಯ ನೀರು ತೆಗೆದು ತಪಾಸಣೆಗೆ ಕಳಿಸಿದರು. ಹೊಸ ಇಂಜೆಕ್ಷನ್ನಿಗೆ ಅಣವೀರ ಸ್ವಲ್ಪ ಎಚ್ಚೆತ್ತ. ನಾಲ್ಕನೇ ದಿನ ರಿಪೋರ್ಟು ಬಂತು.

"ಕುಡಿಯೋದು ಬಿಟ್ಟಿಲ್ರಿ ಸಾಹೇಬ್ರ ಇವರು," ಅಂಬಿಕಾ ತಡೆಯಲಾರದೆ ಅಂದಳು. "ನೀವಾದ್ರೂ ಕೇಳ್ರಿ."

"ಕುಡಿತದ ಮಾತಲ್ಲಮ್ಮ ಇದು. ಹೊಟ್ಟ್ಯಾಗಿನ ಕ್ರಿಮಿ ನಮ್ಮ ಔಷಧಕ್ಕ ಪಳಗಿಬಿಟ್ಟಾವ. ಇಂಥ ಔಷಧ ಅರ್ಧಮರ್ಧ, ತಿಂಗಳುಗಟ್ಟಲೆ ಹೊಟ್ಟಿಗೆ ಹೋದ್ರ ಹಿಂಗಾಗ್ತದ. ಈಗ ಹಾಕ್ಲಿಕತ್ತಿದ್ದೇ ಕಡೀದು. ಅದಕ್ಕೂ ಪಳಗಿದ್ರ ನನ್ನ ಕೈಯಾಗ ಏನೂ ಉಳಿಯೋದಿಲ್ಲ." ಡಾಕ್ಟರು ಅಣವೀರನ ಕಡೆ ತಿರುಗಿದರು. "ಏನು ತಿಂತಿದ್ರಿ? ಮುಚ್ಚಿಡಬ್ಯಾಡ್ರಿ."

ಅಣವೀರ ಗೋಡೆಯ ಕಡೆ ಮುಖ ಮಾಡಿದ.

"ಸಂತ್ಯಾಗ ಕುಡಿತ ಬಿಡಿಸೋ ಪುಡಿ ಅಂತ ಮಾರ್ತಾರ. ಹೋದ ತಿಂಗಳು ಒಬ್ಬರು ತಂದಿದ್ರು. ತಪಾಸಣಿ ಮಾಡಿಸಿದ್ರ, ಸೋಂಕಿನ ಗುಳಿಗಿನೇ ಕುಟ್ಟಿ ಹಾಕಿದ್ರು. ಅದರ ಮ್ಯಾಲ ಕುಡುದ್ರ ವಾಂತಿ ಆಗ್ತದ ಅಂತ. ಕುಡೀಲಿಲ್ಲಂದ್ರ ಬಾಯಿ ಕಬ್ಬಿಣ ಆಗ್ತದ, ಅಷ್ಟೇ. ಅಂಥಾದ್ದೇನಾದ್ರೂ?"

ಅಂಬಿಕಾ ತುಟಿ ಬಿಚ್ಚುವ ಮೊದಲೇ ಅಣವೀರ ಅಂದ:

"ಹೌದ್ರಿ. ನಾನೇ ತಂದು ತಿಂದೀನಿ. ಒಂದು ವರ್ಷ ಆಯ್ತು. ಇಕಿಗೆ ಏನೂ ಗೊತ್ತಿಲ್ರಿ, ಇಕಿಗೆ ಬೈಬ್ಯಾಡ್ರಿ."

ಅಂಬಿಕಾ ಮಂಚದ ಕಂಬಿ ಹಿಡಿದುಕೊಂಡಳು: ಆ ಪುಡಿ ತಂದವಳು, ಅವನಿಗೆ ತಿಳಿಯದಂತೆ ದಿನವೂ ಪುಂಡಿಪಲ್ಯದಲ್ಲಿ ಕಲಸಿದವಳು ಅವಳು, ಮತ್ತು ಅವನು, ಎರಡು ವರ್ಷದಿಂದ ಒಂದು ಹನಿ ಮುಟ್ಟದವನು, ಇವಳ ಸಮಾಧಾನಕ್ಕೆಂದು ಎಲ್ಲ ತಿಳಿದೇ ಉಂಡಿದ್ದ.